ಮಳೆನೀರಿಗೆ ಉಬ್ಬರ ಇಳಿಯುವವರೆಗೆ ನಿಲ್ಲಲು ಜಾಗ ಬೇಕು, ತಡೆಗೋಡೆ ಆಮೇಲೆ

ಕರಾವಳಿಯಲ್ಲಿ ನೆರೆ ಇಳಿದ ಮರುದಿನ ಕೇಳಿಬರುವ ಬೇಡಿಕೆ ಒಂದೇ: ಹೊಳೆಬದಿಗೆ ತಡೆಗೋಡೆ ಕಟ್ಟಿಸಿ ಕೊಡಿ. ಕೊಡುವವರಿಗೂ ಅದೇ ಇಷ್ಟ. ಗೋಡೆ ಕಣ್ಣಿಗೆ ಕಾಣುತ್ತದೆ, ಅದರ ಮೇಲೆ ಉದ್ಘಾಟನೆಯ ಕಲ್ಲು ಕೂರಿಸಬಹುದು. ಗೋಡೆ ಬೇಡವೇ ಬೇಡ ಅಂತ ಹೇಳುತ್ತಿಲ್ಲ. ಆದರೆ ಉಡುಪಿ, ಕುಂದಾಪುರ, ಮಂಗಳೂರಿನ ತಗ್ಗು ಜಾಗಗಳಲ್ಲಿ ಮನೆಯೊಳಗೆ ನುಗ್ಗುವ ನೀರು ಎಷ್ಟೋ ಸಲ ಹೊಳೆ ಉಕ್ಕಿ ಬಂದದ್ದಾಗಿರುವುದಿಲ್ಲ. ಊರಿನ ಮೇಲೆಯೇ ಬಿದ್ದ ಮಳೆ, ಹೊಳೆಗೆ ಇಳಿಯಲು ದಾರಿ ಸಿಗದೆ ಹಿಂದೆ ನಿಂತಿರುತ್ತದೆ. ಅಂಥ ಕಡೆ ಗೋಡೆ ಕಟ್ಟಿದರೆ ನೀರು ಗೋಡೆಯ ಈಚೆಗೇ ನಿಲ್ಲುತ್ತದೆ, ಅಷ್ಟೇ.

ದಾರಿ ಮುಚ್ಚುವುದು ಸಮುದ್ರ. ನಮ್ಮ ತೀರದಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತದ ಅಂತರ ಒಂದೂವರೆ ಮೀಟರಿನ ಹತ್ತಿರ ಬರುತ್ತದೆ, ಕಾರವಾರದ ಕಡೆಗೆ ಹೋದಂತೆ ಇನ್ನೂ ತುಸು ಜಾಸ್ತಿ. ಕೇಳುವಾಗ ಸಣ್ಣ ಲೆಕ್ಕ. ಆದರೆ ಬೈಲುಗದ್ದೆ, ಅಂದರೆ ತಗ್ಗಿನ ಭತ್ತದ ಗದ್ದೆ, ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಮಾತ್ರ ಮೇಲಿರುವಾಗ ತೋಡಿನ (ಸಣ್ಣ ಹಳ್ಳದ) ನೀರು ಹೊಳೆಗೆ ಬೀಳಬೇಕಾದ ಇಳಿಜಾರನ್ನು ಈ ಒಂದೂವರೆ ಮೀಟರ್ ಪೂರ್ತಿ ನುಂಗಿಬಿಡುತ್ತದೆ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಪಡುಗಾಳಿಯ ತೆರೆ ಬೇರೆ ಒತ್ತುತ್ತಿದ್ದರೆ ನಾಲ್ಕೈದು ಗಂಟೆ ಹೊರದಾರಿ ಬಂದ್.

2018ರ ಮೇ 29ರಂದು ಮಂಗಳೂರು ಮುಳುಗಿತಲ್ಲ, ಅವತ್ತು ಹುಣ್ಣಿಮೆ. 2020ರ ಸೆಪ್ಟೆಂಬರ್ 20ರ ನಸುಕಿನಲ್ಲಿ ಉಡುಪಿ ಮುಳುಗಿದ್ದು ಮಹಾಲಯ ಅಮಾವಾಸ್ಯೆ ಕಳೆದು ಮೂರನೇ ದಿನ. ಎರಡೂ ಸಲ ಮಳೆ ವಿಪರೀತ ಇತ್ತು, ಉಬ್ಬರವೊಂದೇ ಕಾರಣ ಎಂದರೆ ತಪ್ಪಾಗುತ್ತದೆ. ಆದರೂ ರೆಡ್ ಅಲರ್ಟ್ ಬಂದ ದಿನ ಮಳೆಯ ಅಂದಾಜಿನ ಜೊತೆ ಉಬ್ಬರದ ಹೊತ್ತನ್ನೂ ನೋಡುವ ಅಭ್ಯಾಸ ನಮ್ಮ ಪಂಚಾಯತ್, ನಗರಸಭೆಗಳಿಗೆ ಇನ್ನೂ ಬಂದಿಲ್ಲ. ಮೀನುಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಗರದ ಎಂಜಿನಿಯರಿಗೆ ಹೇಳಬೇಕು.

ಹೊರದಾರಿ ಮುಚ್ಚಿದ ಅಷ್ಟು ಹೊತ್ತು ನೀರು ಎಲ್ಲಿ ನಿಲ್ಲಬೇಕು? ಹಿಂದೆ ಬೈಲಿನಲ್ಲಿ ನಿಲ್ಲುತ್ತಿತ್ತು. ಒಂದು ಚದರ ಕಿಲೋಮೀಟರ್ ಊರಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ 10 ಕೋಟಿ ಲೀಟರ್ ನೀರು. ಒಂದು ಎಕರೆ ಗದ್ದೆಯ ಹುಣಿ (ಬದು) ಅರ್ಧ ಅಡಿ ಎತ್ತರ ಇದ್ದರೆ ಅದು ಹಿಡಿಯುವುದು ಸುಮಾರು 6 ಲಕ್ಷ ಲೀಟರ್. ಮಳೆಗಾಲದಲ್ಲಿ ಗದ್ದೆಯಲ್ಲಿ ಮೊದಲೇ ಎರಡು ಇಂಚು ನೀರಿರುತ್ತದೆ, ಅದನ್ನು ಕಳೆದರೂ 4 ಲಕ್ಷ. ಆ ಒಂದು ಚದರ ಕಿಲೋಮೀಟರಿನಲ್ಲಿ 100 ಎಕರೆ ಬೈಲು ಉಳಿದಿದ್ದರೆ 4 ಕೋಟಿ ಲೀಟರ್ ಹುಣಿಯೊಳಗೇ ತಂಗುತ್ತದೆ. ಹುಣಿ ದಾಟಿ ಇಡೀ ಬೈಲು ತುಂಬಿದರೆ ಇದರ ಹಲವು ಪಟ್ಟು. ಯಾರ ಮನೆಗೂ ತೊಂದರೆಯಿಲ್ಲ, ಇಳಿತ ಶುರುವಾದ ಮೇಲೆ ಇಳಿದು ಹೋಗುತ್ತದೆ.

ಈಗ ಅರ್ಧ ಎಕರೆ ಗದ್ದೆಗೆ ಒಂದು ಮೀಟರ್ ಕೆಂಪು ಮಣ್ಣು ತುಂಬಿಸಿ ಸೈಟ್ ಮಾಡಿ. 20 ಲಕ್ಷ ಲೀಟರ್ ನಿಲ್ಲುವ ಜಾಗ ಹೋಯಿತು. ನೀರಿಗೆ ಭೂ ಪರಿವರ್ತನೆಯ ಆದೇಶ ಓದಲು ಬರುವುದಿಲ್ಲವಾದ್ದರಿಂದ ಅದು ಪಕ್ಕದ, ಮಣ್ಣು ತುಂಬಿಸದ ಹಳೆ ಮನೆಗೆ ಹೋಗುತ್ತದೆ. ಮುಂದಿನ ವರ್ಷ ಆ ಮನೆಯವರೂ ಅಂಗಳ ಎತ್ತರಿಸುತ್ತಾರೆ, ನೀರು ಮೂರನೆಯವರಿಗೆ. ಕೊನೆಗೆ ನೆರೆ ಪರಿಹಾರಕ್ಕೆ ಅರ್ಜಿ ಹಾಕುವುದು ಮಣ್ಣು ತುಂಬಿಸಲು ಹಣ ಇಲ್ಲದವರು. ಕೇರಳದಲ್ಲಿ ಭತ್ತದ ಗದ್ದೆ ಮತ್ತು ಜೌಗು ಭೂಮಿ ಉಳಿಸಲೆಂದೇ 2008ರಿಂದ ಕಾಯ್ದೆ ಇದೆ. ಅದರಲ್ಲಿ ರಂಧ್ರಗಳು ಬೇಕಾದಷ್ಟಿವೆ, ಆದರೆ ಪ್ರಶ್ನೆ ಕೇಳಲು ಒಂದು ಆಧಾರವಾದರೂ ಇದೆ. ನಮ್ಮ ಕಡೆ ಕನಿಷ್ಠ ಇಷ್ಟು ಆಗಬೇಕು: ಬೈಲಿನಲ್ಲಿ ಪರಿವರ್ತನೆ ಕೊಡುವಾಗ ತುಂಬಿಸಿದ ಘನ ಅಳತೆಯಷ್ಟೇ ಜಾಗವನ್ನು ಅದೇ ಬಡಾವಣೆಯೊಳಗೆ ಕೆರೆಯಾಗಿಯೋ ತಗ್ಗಾಗಿಯೋ ಬಿಡಿಸಬೇಕು. ಪಾರ್ಕಿಗೆ ಬಿಟ್ಟ ಜಾಗವನ್ನು ಎರಡಡಿ ತಗ್ಗಿಸಿದರೂ ನಡೆಯುತ್ತದೆ.

ಇನ್ನು ರಸ್ತೆ. ಬೈಲು ದಾಟುವ ಪಂಚಾಯತ್ ರಸ್ತೆಗೆ ಸಾಮಾನ್ಯವಾಗಿ 600 ಮಿ.ಮೀ. ವ್ಯಾಸದ ಹ್ಯೂಮ್ (ಕಾಂಕ್ರೀಟ್) ಪೈಪ್ ಒಂದೋ ಎರಡೋ ಹಾಕಿ ಕೈತೊಳೆದುಕೊಳ್ಳುತ್ತಾರೆ. ಅದರ ಬಾಯಿಯ ವಿಸ್ತೀರ್ಣ 0.28 ಚದರ ಮೀಟರ್. ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಹರಿದರೂ ಸೆಕೆಂಡಿಗೆ 420 ಲೀಟರ್. ಆ ಒಂದು ಚದರ ಕಿಲೋಮೀಟರಿನಲ್ಲಿ ಗಂಟೆಗೆ 50 ಮಿ.ಮೀ. ಮಳೆ ಹೊಡೆದು ಅದರ ಶೇ. 70 ಹರಿದು ಬಂದರೆ ಸೆಕೆಂಡಿಗೆ ಸುಮಾರು 9,700 ಲೀಟರ್ ಆಗುತ್ತದೆ. ಬೇಕಾಗುವ ಪೈಪ್ 23. ಅದೇ ಜಾಗದಲ್ಲಿ 2 ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಬಾಕ್ಸ್ ಕಲ್ವರ್ಟ್ (ಪೆಟ್ಟಿಗೆಯಾಕಾರದ ಕಾಂಕ್ರೀಟ್ ಮೋರಿ) ಎರಡು ಇಟ್ಟರೆ ಹೆಚ್ಚುಕಡಿಮೆ ಸಾಕು. "ದೊಡ್ಡದರ ಬದಲು ನಾಲ್ಕು ಸಣ್ಣ ಪೈಪ್ ಹಾಕಿದ್ದೇವೆ" ಎನ್ನುವ ಸಮಜಾಯಿಷಿಯನ್ನು ಒಪ್ಪಬೇಡಿ. 300 ಮಿ.ಮೀ.ನ ನಾಲ್ಕು ಪೈಪಿನ ಬಾಯಿ ಸೇರಿಸಿದರೆ 600ರ ಒಂದಕ್ಕೆ ಸಮ, ನಿಜ. ಆದರೆ ಒಳಗೋಡೆಯ ತಿಕ್ಕಾಟ ಹೆಚ್ಚಿರುವುದರಿಂದ ನಾಲ್ಕೂ ಸೇರಿ ಸಾಗಿಸುವುದು ಅದರ ಮೂರನೇ ಎರಡು ಪಾಲನ್ನೂ ಮುಟ್ಟುವುದಿಲ್ಲ. ಒಂದು ತೆಂಗಿನ ಮಡಲು ಅಡ್ಡ ಬಿದ್ದರೆ ಸಣ್ಣ ಪೈಪಿನ ಕಥೆ ಅಲ್ಲಿಗೇ ಮುಗಿಯಿತು. ರಾಷ್ಟ್ರೀಯ ಹೆದ್ದಾರಿ 66ರ ಏರಿಯೂ ಬೈಲು ದಾಟುವಲ್ಲೆಲ್ಲ ಇದೇ ಪ್ರಶ್ನೆ ಎತ್ತುತ್ತದೆ: ಮೂಡಣ ಬದಿಯ ನೀರು ಪಡುವಣಕ್ಕೆ ಹೋಗಲು ಎಷ್ಟು ಕಿಂಡಿ, ಯಾವ ಮಟ್ಟದಲ್ಲಿ ಇಟ್ಟಿದ್ದಾರೆ?

ತೋಡು ಹೊಳೆಗೆ ಸೇರುವ ಬಾಯಿಗೆ ಬೇಕಾದದ್ದು ಫ್ಲ್ಯಾಪ್ ಗೇಟ್. ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಕಲ್ವರ್ಟಿನ ಹೊಳೆಬದಿಯ ಬಾಯಿಗೆ ಮೇಲ್ಗಡೆ ತಿರುಗಣೆ ಕೊಟ್ಟು ನೇತುಹಾಕಿದ ಬಾಗಿಲು ಅದು. ಉಬ್ಬರದ ನೀರು ಹೊರಗಿನಿಂದ ಒತ್ತಿದಾಗ ತಾನೇ ಮುಚ್ಚಿಕೊಳ್ಳುತ್ತದೆ, ಹೊರಗೆ ಇಳಿದು ಒಳಗಿನ ಮಟ್ಟ ಮೇಲಾದಾಗ ತಾನೇ ತೆರೆಯುತ್ತದೆ. ಕರೆಂಟು ಬೇಡ, ರಾತ್ರಿ ಎದ್ದು ಹೋಗಿ ಹಲಗೆ ಹಾಕುವವರೂ ಬೇಡ. ಇದು ಕೈಕೊಡುವುದು ಮೂರು ಕಾರಣಕ್ಕೆ. ಮೊದಲನೆಯದು ಕಸ. ಒಂದು ಥರ್ಮಾಕೋಲ್ ತುಂಡೋ ತೆಂಗಿನ ಸಿಪ್ಪೆಯೋ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡರೆ ಎರಡು ಇಂಚು ತೆರೆದೇ ಉಳಿಯುತ್ತದೆ, ರಾತ್ರಿಯಿಡೀ ಉಪ್ಪುನೀರು ಒಳಗೆ. ಇದಕ್ಕೆ ಗೇಟಿನಿಂದ ಎರಡು ಮೂರು ಮೀಟರ್ ಒಳಗಡೆ ಓರೆಯಾಗಿ ನಿಲ್ಲಿಸಿದ ಸರಳಿನ ಜಾಲರಿ ಬೇಕು. ಸರಳಿನ ನಡುವೆ 10ರಿಂದ 15 ಸೆಂ.ಮೀ. ಅಂತರ, ಮೇಲೆ ನಿಂತು ಹಾರೆಕೋಲಿನಿಂದ ಕಸ ಎಳೆಯಲು ಕಾಂಕ್ರೀಟಿನ ಅಟ್ಟ. ಸರಳು ಇನ್ನೂ ಹತ್ತಿರ ಇಟ್ಟರೆ ಜಾಲರಿಯೇ ಅಣೆಕಟ್ಟಾಗುತ್ತದೆ. ಅಟ್ಟ ಇಲ್ಲದ ಜಾಲರಿಯನ್ನು ಯಾರೂ ತೊಳೆಯುವುದಿಲ್ಲ, ಎರಡನೇ ವರ್ಷ ಕಿತ್ತು ಬಿಸಾಡುತ್ತಾರೆ.

ಎರಡನೆಯದು ತುಕ್ಕು. ಮಾಮೂಲಿ ಕಬ್ಬಿಣದ ತಿರುಗಣೆ ಉಪ್ಪುನೀರಿನಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ. ತಿರುಗಣೆಯ ಪಿನ್ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದಾಗಬೇಕು, ಬಾಗಿಲು ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಅಥವಾ ಎಫ್‌ಆರ್‌ಪಿಯದ್ದು (ನಾರು ಸೇರಿಸಿ ಬಲಪಡಿಸಿದ ಪ್ಲಾಸ್ಟಿಕ್). ಟೆಂಡರಿನಲ್ಲಿ ಬರೀ "ಗೇಟ್" ಎಂದು ಬರೆದು ಈ ಎರಡು ಸಾಲು ಬಿಟ್ಟರೆ ಬರುವುದು ಕೆಂಪು ಪೈಂಟ್ ಹೊಡೆದ ತಗಡು. ಮೂರನೆಯದು ಹೂಳು. ಗೇಟಿನ ಕೆಳ ಅಂಚು ಹೊರಗಿನ ಕೆಸರಿಗೆ ತಾಗುವಂತಿದ್ದರೆ ಒಂದೇ ಮಳೆಗಾಲಕ್ಕೆ ಕಚ್ಚಿಕೊಳ್ಳುತ್ತದೆ. ಹೊಸ್ತಿಲಿನ ಹೊರಗೆ ಅರ್ಧ ಅಡಿಯಾದರೂ ತಗ್ಗು ಬೇಕು. ಮೀನು, ಸಿಗಡಿ ಹಿಡಿಯುವವರು ಹಗ್ಗ ಕಟ್ಟಿ ಗೇಟು ಎತ್ತಿಡುವ ಪ್ರಕರಣವೂ ಉಂಟು. ಅದಕ್ಕೆ ಎಂಜಿನಿಯರಿಂಗ್ ಪರಿಹಾರ ಇಲ್ಲ, ಅವರನ್ನೂ ಕೂರಿಸಿ ಮಾತಾಡಬೇಕು. ಅಳಿವೆಯ ನೀರು ಒಳಗೆ ಬರುವುದು ಅವರ ಅನ್ನ.

ಪಂಪ್ ಹಾಕಿ ಎತ್ತಬಾರದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. 10 ಎಚ್‌ಪಿ ಪಂಪ್ 4 ಮೀಟರ್ ಎತ್ತರಕ್ಕೆ ಗಂಟೆಗೆ ಸುಮಾರು 4 ಲಕ್ಷ ಲೀಟರ್ ಎತ್ತಬಹುದು. 10 ಕೋಟಿ ಲೀಟರಿಗೆ 250 ಗಂಟೆ. ನಾಲ್ಕು ಮನೆಯ ಗುಂಡಿಗೆ ಸರಿ, ಬೈಲಿಗೆ ಅಲ್ಲ. ನೆರೆಯ ಹೊತ್ತಿಗೆ ಮೆಸ್ಕಾಂ ಲೈನ್ ಇರುತ್ತದೆಯೇ ಎಂಬುದು ಬೇರೆ ಮಾತು.

ಹೂಳೆತ್ತುವ ಕೆಲಸದಲ್ಲಿ ದುಡ್ಡು ನೀರಿನಂತೆ ಹೋಗುತ್ತದೆ, ಅದೂ ತಪ್ಪು ಜಾಗದಲ್ಲಿ. ಮೇ ಕೊನೆಗೆ ಜೆಸಿಬಿ ಬಂದು ಎತ್ತಿದ ಕೆಸರನ್ನು ತೋಡಿನ ದಡದಲ್ಲೇ ರಾಶಿ ಹಾಕುತ್ತದೆ, ಮೊದಲ ಮಳೆಗೆ ಅದು ಮತ್ತೆ ತೋಡಿಗೇ. ಮಣ್ಣನ್ನು ದಡದಿಂದ ದೂರ ಸಾಗಿಸುವ ಲಾರಿಯ ಖರ್ಚು ಅಂದಾಜುಪಟ್ಟಿಯಲ್ಲಿ ಇಲ್ಲದಿದ್ದರೆ ಆ ಕೆಲಸವೇ ಬೇಡ. ಶುರು ಮಾಡಬೇಕಾದದ್ದು ಹೊಳೆಯ ಕಡೆಯಿಂದ, ಮೇಲ್ಮುಖವಾಗಿ. ಮೇಲ್ಗಡೆ ಮಾತ್ರ ಅಗೆದು ಕೆಳಗೆ ಹಾಗೇ ಬಿಟ್ಟರೆ ನೀರು ಬೇಗ ಬಂದು ಇಕ್ಕಟ್ಟಿನಲ್ಲಿ ಸೇರುತ್ತದೆ, ಕೆಳಗಿನ ಮನೆಗಳಿಗೆ ಹಿಂದಿಗಿಂತ ಜಾಸ್ತಿ ನೆರೆ. ಉಬ್ಬರ ಮುಟ್ಟುವ ಭಾಗದಲ್ಲಿ ತೋಡನ್ನು ಆಳ ಮಾಡುವುದರಿಂದ ನೆರೆಗೆ ಅಂಥ ಲಾಭವೇನೂ ಇಲ್ಲ. ಇಳಿತದ ಮಟ್ಟಕ್ಕಿಂತ ಕೆಳಗೆ ಅಗೆದ ಗುಂಡಿಯಲ್ಲಿ ಸದಾ ಉಪ್ಪುನೀರು ತುಂಬಿರುತ್ತದೆ, ಮಳೆನೀರಿಗೆ ಅಲ್ಲಿ ಜಾಗವಿಲ್ಲ. ಬದಲಿಗೆ ಬೇಸಗೆಯಲ್ಲಿ ಉಪ್ಪು ಇನ್ನಷ್ಟು ಮೇಲೆ ಏರಿ ಬಾವಿಗಳು ಸಪ್ಪೆ ನೀರು ಕಳೆದುಕೊಳ್ಳುತ್ತವೆ. ಅಲ್ಲಿ ಬೇಕಾದದ್ದು ಅಗಲ. ಹಳೆ ಸರ್ವೆ ನಕ್ಷೆಯ ತೋಡಿನ ಅಗಲವನ್ನೂ ಈಗಿನ ಅಗಲವನ್ನೂ ಟೇಪು ಹಿಡಿದು ಅಳೆದು ನೋಡಿ, ಕಾಂಪೌಂಡು ಎಲ್ಲಿ ಮುಂದೆ ಬಂದಿದೆ ಎಂದು ತಾನೇ ಗೊತ್ತಾಗುತ್ತದೆ.

ಕಂಬಗಳ ನಡುವಿನ ಕಿಂಡಿಗೆ ಹಲಗೆ ಹಾಕಿ ಹೊಳೆನೀರು ನಿಲ್ಲಿಸುವ ಕಿಂಡಿ ಅಣೆಕಟ್ಟಿನ ವಿಷಯದಲ್ಲಿ ತಾರೀಕೇ ಮುಖ್ಯ. ಮಳೆಗಾಲ ಮುಗಿದ ಮೇಲೆ ಹಲಗೆ ಹಾಕಿ ಸಿಹಿನೀರು ನಿಲ್ಲಿಸುವುದು, ಉಪ್ಪುನೀರು ತಡೆಯುವುದು, ಮೇ ಕೊನೆಗೆ ತೆಗೆಯುವುದು ರೂಢಿ. 2018ರ ಮಂಗಳೂರಿನ ನೆರೆ ಮೇ 29ಕ್ಕೆ. 2025ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಮೇ 24ಕ್ಕೆ. ಹಾಗಿರುವಾಗ ಹಲಗೆ ತೆಗೆಯುವ ಕೊನೆ ದಿನ ಮೇ 15 ಆಗಬೇಕು. ಕೃಷಿಕರಿಗೆ ಎರಡು ವಾರದ ನೀರು ನಷ್ಟ, ಅಡಿಕೆ ತೋಟದವರು ಗಲಾಟೆ ಮಾಡುತ್ತಾರೆ, ಆದರೂ ಆಗಬೇಕು. ಹೊಳೆ ತುಂಬಿದ ಮೇಲೆ ಹಲಗೆ ತೆಗೆಯಲು ಹೋದರೆ ನೀರಿನ ಒತ್ತಡಕ್ಕೆ ಅವು ಕಂಬದ ಸೀಳಿನಲ್ಲಿ ಕಚ್ಚಿ ಕೂತಿರುತ್ತವೆ, ಎಳೆಯಲು ಹೋದವರ ಜೀವಕ್ಕೇ ಅಪಾಯ. ತೆಗೆಯದೆ ಬಿಟ್ಟರೆ ಮರದ ದಿಮ್ಮಿ, ಬಿದಿರುಮೆಳೆ ಬಂದು ಕಂಬಗಳಿಗೆ ತಾಗಿ, ಹೊಳೆ ಅಣೆಕಟ್ಟಿನ ಪಕ್ಕದ ದಂಡೆಯನ್ನೇ ಕೊರೆದು ತೋಟದೊಳಗಿನಿಂದ ಹೊಸ ದಾರಿ ಮಾಡಿಕೊಳ್ಳುತ್ತದೆ. ಪಕ್ಕದ ರೆಕ್ಕೆಗೋಡೆ ದಂಡೆಯೊಳಗೆ ಸಾಕಷ್ಟು ಹುಗಿದಿರದ ಕಡೆ ಇದು ಇನ್ನೂ ಬೇಗ.

ಉತ್ತರ ಕನ್ನಡದಲ್ಲಿ ಲೆಕ್ಕ ಸ್ವಲ್ಪ ಬೇರೆ. ಕಾಳಿ ನದಿಯ ಕೆಳದಂಡೆಯಲ್ಲಿ 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನ ಗೇಟು ತೆರೆದಾಗ ಆದ ನೆರೆಗೆ ತೋಡು, ಬೈಲು ಮದ್ದಲ್ಲ. ಅಲ್ಲಿ ಮಳೆಗೆ ಮೊದಲೇ ಜಲಾಶಯದಲ್ಲಿ ಜಾಗ ಖಾಲಿ ಇಡಬೇಕು. ಆದರೆ ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಕುಮಟಾದ ಗಜನಿ ಗದ್ದೆಗಳಿವೆ. ಮಣ್ಣಿನ ಕಟ್ಟೆ, ಬಾಗಿಲು, ಒಳಗೆ ಉಪ್ಪನ್ನೂ ನೆರೆಯನ್ನೂ ತಾಳುವ ಕಗ್ಗ ಭತ್ತ. ಊರಿನವರು ಒಟ್ಟಾಗಿ ಬಾಗಿಲು ನೋಡಿಕೊಳ್ಳುತ್ತಿದ್ದ ವ್ಯವಸ್ಥೆ ಸಿಗಡಿ ಕೃಷಿ ಬಂದ ಮೇಲೆ ಸಡಿಲವಾಯಿತು. ಕಟ್ಟೆಯ ಹೊಳೆಬದಿಗೆ ಕಾಂಡ್ಲಾ (ಮ್ಯಾಂಗ್ರೋವ್) ನೆಟ್ಟರೆ ತೆರೆಯ ಹೊಡೆತ ತಗ್ಗುತ್ತದೆ, ಮಣ್ಣು ಹಿಡಿಯುತ್ತದೆ. ತೋಡಿನ ಬಾಯಿಯೊಳಗೆ ಮಾತ್ರ ನೆಡಬೇಡಿ. ವನಮಹೋತ್ಸವದ ಹುರುಪಿನಲ್ಲಿ ಅಲ್ಲೂ ನೆಟ್ಟರೆ ಬೇರು ಹೂಳು ಹಿಡಿದು ಬಾಯಿ ಕಟ್ಟುತ್ತದೆ.

ನಿಮ್ಮ ವಾರ್ಡಿನಲ್ಲಿ ಯಾವ ಕೆಲಸ ಮೊದಲು ಆಗಬೇಕು ಅಂತ ತಿಳಿಯಲು ಸಲಹಾ ಸಂಸ್ಥೆಯ ವರದಿ ಬೇಕಿಲ್ಲ. ಮೇಸ್ತ್ರಿಯ ಹತ್ತಿರ ಟ್ಯೂಬ್ ಲೆವೆಲ್ ಇರುತ್ತದೆ, 20 ಮೀಟರ್ ಪಾರದರ್ಶಕ ಪೈಪು. ನೀರು ತುಂಬುವಾಗ ಗುಳ್ಳೆ ಉಳಿಯಬಾರದು, ಓದುವಾಗ ಎರಡೂ ತುದಿ ತೆರೆದಿರಬೇಕು. ಅಲ್ಲಾಡದ ಒಂದು ಗುರುತು ಆರಿಸಿ, ಸೇತುವೆಯ ಕಟ್ಟೆಯೋ ದೈವಸ್ಥಾನದ ಮೆಟ್ಟಿಲೋ. ಅದನ್ನು ಸೊನ್ನೆ ಎಂದಿಟ್ಟುಕೊಂಡು ನಾಲ್ಕು ಮಟ್ಟ ಅಳೆಯಿರಿ: ಕಲ್ವರ್ಟಿನ ತಳ, ರಸ್ತೆಯ ಮೇಲ್ಮೈ, ಹಿಂದಿನ ನೆರೆ ಗೋಡೆಯ ಮೇಲೆ ಬಿಟ್ಟ ಕಲೆ, ಅಮಾವಾಸ್ಯೆಯ ಉಬ್ಬರದಲ್ಲಿ ಸೇತುವೆಯ ಕಂಬಕ್ಕೆ ನೀರು ಮುಟ್ಟುವ ಗೆರೆ. ಕೊನೆಯದಕ್ಕೆ ಪೈಂಟಿನಲ್ಲಿ ಗುರುತು ಹಾಕಿಡಿ. ಉಬ್ಬರದ ಗೆರೆ ಕಲ್ವರ್ಟಿನ ತಳಕ್ಕಿಂತ ಮೇಲಿದ್ದರೆ ಫ್ಲ್ಯಾಪ್ ಗೇಟ್ ಇಲ್ಲದೆ ಉಳಿದದ್ದೆಲ್ಲ ವ್ಯರ್ಥ. ರಸ್ತೆ ಮನೆಗಳ ಪಂಚಾಂಗಕ್ಕಿಂತ (ನೆಲಗಟ್ಟಿಗಿಂತ) ಎತ್ತರ ಇದ್ದರೆ ರಸ್ತೆಯೇ ಅಣೆಕಟ್ಟು, ಮುಂದಿನ ಡಾಮರಿಗೆ ಮೊದಲು ಹಳೆ ಪದರ ಕೆರೆದು ತೆಗೆಯಿರಿ ಎಂದು ಗ್ರಾಮಸಭೆಯಲ್ಲಿ ಬರೆಸಿ. ನೆರೆಯ ಕಲೆ ಉಬ್ಬರದ ಗೆರೆಗಿಂತ ಬಹಳ ಮೇಲಿದ್ದು, ಹೊಳೆ ದಂಡೆ ಮೀರಿ ಹರಿದದ್ದು ನಿಜವೇ ಆಗಿದ್ದರೆ, ಆಗ ತಡೆಗೋಡೆಯ ಮಾತು. ಅದರಲ್ಲೂ ಗೋಡೆಯಲ್ಲಿ ಬಿಟ್ಟ ಪ್ರತಿ ಕಿಂಡಿಗೂ ಫ್ಲ್ಯಾಪ್ ಇರಲೇಬೇಕು, ಇಲ್ಲದಿದ್ದರೆ ಉಬ್ಬರ ಅಲ್ಲಿಂದಲೇ ಒಳಗೆ ಬರುತ್ತದೆ.

ಮನೆಯ ಮಟ್ಟಿಗೆ: ಮೀಟರ್ ಬೋರ್ಡ್, ಪ್ಲಗ್ ಪಾಯಿಂಟ್ ನೆರೆಯ ಕಲೆಗಿಂತ ಎರಡಡಿ ಮೇಲಿರಲಿ. ಶೌಚಗುಂಡಿಗೆ ಹೋಗುವ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಿ, ಇಲ್ಲವಾದರೆ ಮೊದಲು ಬರುವ ನೀರು ಕಕ್ಕಸಿನಿಂದಲೇ ಬರುತ್ತದೆ. ಬಾವಿಕಟ್ಟೆ ಕಲೆಗಿಂತ ಒಂದಡಿ ಎತ್ತರ. ನೆರೆನೀರು ಬಾವಿಗೆ ಇಳಿದಿದ್ದರೆ ಅವಸರದಲ್ಲಿ ಪೂರ್ತಿ ಬತ್ತಿಸಬೇಡಿ, ಸುತ್ತಲಿನ ಮಣ್ಣು ನೆನೆದಿರುವಾಗ ಒಳಗೆ ಖಾಲಿಯಾದರೆ ಕಲ್ಲುಕಟ್ಟು ಒಳಕ್ಕೆ ಕುಸಿಯುತ್ತದೆ. ಒಳ್ಳೆಯ ಬ್ಲೀಚಿಂಗ್ ಪೌಡರ್ ಮಾಮೂಲಿ ದಿನಗಳಲ್ಲಿ 1,000 ಲೀಟರಿಗೆ ಎರಡೂವರೆ ಗ್ರಾಂ, ನೆರೆಯ ನಂತರ ಅದರ ಎರಡು ಪಟ್ಟು. ಮೂರು ಮೀಟರ್ ವ್ಯಾಸದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ 28,000 ಲೀಟರ್, ಅಂದರೆ ಸುಮಾರು 140 ಗ್ರಾಂ. ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ ಬಾವಿಗೆ ಇಳಿಸಿ, ನೀರಿನೊಳಗೆ ಮೇಲೆ ಕೆಳಗೆ ಆಡಿಸಿ. ಕುಡಿಯುವ ನೀರನ್ನು ಆಮೇಲೂ ಕೆಲವು ದಿನ ಕುದಿಸಿಯೇ ಬಳಸಿ. ಹಳೆಯ, ಗಾಳಿಗೆ ಬಿಟ್ಟ ಪೌಡರಿಗೆ ಶಕ್ತಿ ಇರುವುದಿಲ್ಲ, ಪಂಚಾಯತಿನಿಂದ ತರುವಾಗ ಚೀಲದ ಮೇಲಿನ ತಾರೀಕು ನೋಡಿ.