ಸೋಲೋ ಟ್ರಿಪ್ಪಿಗೆ ಏಳು ತೆಂಗಿನಕಾಯಿ

ಬಳ್ಳಾರಿಯಲ್ಲಿ ನೀವು ಒಬ್ಬರೇ ಕೂತು ಒಗ್ಗರಣೆ-ಮಿರ್ಚಿ ತಿನ್ನಬಹುದು. ಒಬ್ಬರೇ ಸಿನಿಮಾಕ್ಕೂ ಹೋಗಬಹುದು. ಯಾರೂ ಏನೂ ಕೇಳಲ್ಲ. ಆದರೆ ಒಬ್ಬರೇ ಬೆಟ್ಟಕ್ಕೆ ಹೊರಟು ನೋಡಿ. ಮನೆಯಲ್ಲಿ ಜಗಳ ಆಗಿದೆ, ಇಲ್ಲಾ ಪರೀಕ್ಷೆಯಲ್ಲಿ ಫೇಲಾಗಿದೆ, ಇಲ್ಲಾ ಹುಡುಗಿ ಕೈಕೊಟ್ಟಿದ್ದಾಳೆ. ಈ ಮೂರರಲ್ಲಿ ಒಂದು ನಿಮಗೆ ಗ್ಯಾರಂಟಿ. ನಾಲ್ಕನೇ ಕಾರಣ ನಮ್ಮ ಜನಕ್ಕೆ ಗೊತ್ತಿಲ್ಲ.

ನನಗೆ ಈ ಸೋಲೋ ಟ್ರಿಪ್ಪಿನ ಹುಚ್ಚು ಹಿಡಿಸಿದ್ದು ಮೊಬೈಲು. ಯಾವ ರೀಲ್ಸ್ ತೆಗೆದರೂ ನನ್ನ ವಯಸ್ಸಿನ ಹುಡುಗ ಒಬ್ಬ ಮನಾಲಿಯ ಹಿಮದಲ್ಲಿ ಕೈ ಚಾಚಿ ನಿಂತಿರುತ್ತಾನೆ. ಹಿಂದೆ ಕೊಳಲು. ಕೆಳಗೆ ಒಂದು ಸಾಲು, ನಿಮ್ಮನ್ನು ನೀವು ಹುಡುಕಿಕೊಳ್ಳಿ ಅಂತ. ಬಿ.ಕಾಂ. ಓದುವ ನನ್ನ ಪರ್ಸಿನಲ್ಲಿ ಇದ್ದದ್ದು 400 ರೂಪಾಯಿ. ಅಷ್ಟು ದುಡ್ಡಿಗೆ ಗುಂತಕಲ್‌ವರೆಗೆ ಹುಡುಕಿ, ಸಿಗದೆ ವಾಪಸ್ ಬರಬಹುದು ಅಷ್ಟೇ.

ಹಾಗಂತ ನಮ್ಮೂರಲ್ಲಿ ಗುಡ್ಡಕ್ಕೆ ಬರ ಇಲ್ಲ. ಊರ ನಡುವೆಯೇ ಬಳ್ಳಾರಿ ಗುಡ್ಡ ಇದೆ, ಪಕ್ಕದಲ್ಲೇ ಕುಂಬಾರ ಗುಡ್ಡ. ಹೈದರಾಲಿ ಫ್ರೆಂಚ್ ಎಂಜಿನಿಯರೊಬ್ಬನಿಂದ ಇಲ್ಲಿನ ಕೋಟೆ ಗಟ್ಟಿ ಮಾಡಿಸಿದನಂತೆ. ಕೆಲಸ ಎಲ್ಲ ಮುಗಿದ ಮೇಲೆ ನೋಡಿದರೆ ಕುಂಬಾರ ಗುಡ್ಡವೇ ಎತ್ತರ! ಅಲ್ಲಿ ತೋಪು ಇಟ್ಟರೆ ಕೋಟೆ ಕಥೆ ಮುಗೀತು. ಸಿಟ್ಟಿಗೆದ್ದ ಹೈದರಾಲಿ ಆ ಎಂಜಿನಿಯರನ್ನು ಕೋಟೆ ಬಾಗಿಲಲ್ಲೇ ನೇಣು ಹಾಕಿಸಿದ ಅಂತ ಊರಲ್ಲಿ ಈಗಲೂ ಹೇಳುತ್ತಾರೆ. ನನ್ನ ತೊಂದರೆ ಬೇರೆ. ಆ ಗುಡ್ಡ ಹತ್ತಿದರೆ ಅರ್ಧ ಊರಿಗೆ ನಾನು ಕಾಣುತ್ತೇನೆ. ಆ ಅರ್ಧ ಊರಲ್ಲಿ ನಮ್ಮ ಮಾವನ ಅಂಗಡಿಯೂ ಇದೆ.

ಉಳಿದದ್ದು ಸಂಡೂರು. 2021ರಲ್ಲಿ ಜಿಲ್ಲೆ ಹೋಳಾಗಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಹಂಪಿ, ಹೊಸಪೇಟೆ ಎಲ್ಲ ಆ ಕಡೆ ಹೋದವು. ನಮ್ಮ ಪಾಲಿಗೆ ಬಂದದ್ದು ಬಿಸಿಲು ಮತ್ತು ಸಂಡೂರು. 1934ರಲ್ಲಿ ಗಾಂಧೀಜಿ ಅಲ್ಲಿಗೆ ಬಂದಿದ್ದರು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಅಂದಿದ್ದರು ಅಂತ ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಸೆಪ್ಟೆಂಬರ್ ಆಗಿತ್ತು. ಕ್ಲಾಸ್ ನಡೆಯಲ್ಲ ಅಂತ ಮೆಸೇಜ್ ಬಂದಿತ್ತು. ಎದುರಿಗೆ ಸಂಡೂರು ಬೋರ್ಡಿನ ಬಸ್ಸು ಗುರುಗುಟ್ಟುತ್ತಿತ್ತು. ಇನ್ನೇನು ಬೇಕು?

ಬಿಳಿ ಶರ್ಟು ಹಾಕಿದ್ದೆ. ಬೆಟ್ಟದ ಹಸಿರಿಗೆ ಬಿಳಿ ಚೆನ್ನಾಗಿ ಎದ್ದು ಕಾಣುತ್ತದೆ ಅಂತ ರೀಲ್ಸ್‌ನಿಂದ ಕಲಿತ ಪಾಠ. ಪ್ಯಾಂಟು ಮಾತ್ರ ನಮ್ಮೂರಲ್ಲೇ ಹೊಲಿದ ಜೀನ್ಸು. ಬಳ್ಳಾರಿಯವನು ಜೀನ್ಸಿಗೆ ಹೊರಗೆ ದುಡ್ಡು ಕೊಟ್ಟರೆ ಅವಮಾನ ಅಲ್ವಾ?

ಬಸ್ಸಿನೊಳಗೆ ಸೀಟಿನ ಮೇಲೆಲ್ಲ ಹೆಣ್ಣುಮಕ್ಕಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕಡೆಯ ಅಜ್ಜಿಯರು ನೋಡದೆ ಬಿಟ್ಟ ದೇವರಿಲ್ಲ. ದುಡ್ಡು ಕೊಟ್ಟು ಟಿಕೆಟ್ ತಗೊಂಡ ನಾನು ನಿಂತಿದ್ದೆ. ಒಬ್ಬ ಅಜ್ಜಿಗೆ ಕರುಣೆ ಬಂತು. ಸರಿದು, ಅರ್ಧ ಸೀಟು ಕೊಟ್ಟರು. ಅಲ್ಲಿಗೆ ನನ್ನ ಏಕಾಂತ ಮುಗಿಯಿತು.

"ಯಾರ ಮನಿ ಹುಡುಗ ತಮ್ಮಾ ನೀನು?"

ಹೇಳಿದೆ.

"ಒಬ್ನೇ ಹೊಂಟೀಯೇನು?"

"ಹೂಂ ಅಜ್ಜಿ. ಸುಮ್ನೆ."

ಈ ಸುಮ್ನೆ ಅನ್ನುವುದನ್ನು ಬಸ್ಸಿನಲ್ಲಿ ಯಾರೂ ಒಪ್ಪಲಿಲ್ಲ. ಮುಂದಿನ ಸೀಟಿನವರು ತಿರುಗಿದರು. ಹಿಂದಿನ ಸೀಟಿನವರು ಬಗ್ಗಿದರು. ಕುಡತಿನಿಯ ಚಿಮಣಿಗಳು ಕಾಣುವಷ್ಟರಲ್ಲಿ ನಾನು ಪರೀಕ್ಷೆಯಲ್ಲಿ ಫೇಲಾಗಿದ್ದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ದಾಟುವಾಗ ಅಪ್ಪ ಬೈದು ಮನೆಯಿಂದ ಹೊರಗೆ ಹಾಕಿದ್ದರು. ಒಬ್ಬರು ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೈಗೆ ಕೊಟ್ಟು, "ತಿನ್ನಪ್ಪ, ಸಿಟ್ಟು ಹೊಟ್ಟಿ ಮ್ಯಾಲೆ ತೋರಿಸಬಾರದು" ಅಂದರು. ತಿಂದೆ. ಚಟ್ನಿ ಅಷ್ಟು ಚೆನ್ನಾಗಿರುವಾಗ ಅಪ್ಪನ ಪರವಾಗಿ ವಾದ ಮಾಡೋಕೆ ಮನಸ್ಸು ಬರಲ್ಲ.

ಬಾಗಿಲ ಹತ್ತಿರ ಕೂತಿದ್ದವರು ಹಿಂದೆ ಅದಿರಿನ ಲಾರಿ ಓಡಿಸುತ್ತಿದ್ದರಂತೆ. ಬೀಜಿಂಗ್ ಒಲಿಂಪಿಕ್ಸ್ ಸಮಯದಲ್ಲಿ ಚೀನಾಕ್ಕೆ ಅದಿರು ಹೋಗುತ್ತಿದ್ದದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ಕೆಲಸ ನಿಲ್ಲಿಸಿದಾಗ ಲಾರಿಗಳು ಸಾಲುಸಾಲಾಗಿ ನಿಂತದ್ದು, ಎಲ್ಲ ಹೇಳಿದರು. ಕೊನೆಗೆ, "ನೀ ನೋಡಾಕ ಹೊಂಟ ಗುಡ್ಡದಾಗ ಒಂದಿಷ್ಟು ಚೀನಾಕ್ಕ ಹೋಗ್ಯಾವ. ಉಳಿದದ್ದು ನೋಡ್ಕೊಂಡು ಬಾ" ಅಂತ ಆಶೀರ್ವಾದ ಮಾಡಿದರು.

ಸಂಡೂರಿನಲ್ಲಿ ಇಳಿದ ಮೇಲೆ ತಪ್ಪಿಸಿಕೊಳ್ಳಬಹುದು ಅಂದುಕೊಂಡಿದ್ದೆ. ಅಜ್ಜಿಯ ತಂಡ ಕುಮಾರಸ್ವಾಮಿ ಗುಡಿಗೆ ಟಂಟಂ ಮಾತಾಡಿತ್ತು. ಗುಡಿ ಬೆಟ್ಟದ ಮೇಲೆ, ಊರಿಂದ ಹತ್ತು-ಹನ್ನೆರಡು ಕಿಲೋಮೀಟರ್. "ನೀನೂ ಅಲ್ಲಿಗೇ ಅಲ್ಲೇನು? ಹತ್ತು!" ಅಂದರು. ಅದು ಪ್ರಶ್ನೆ ಆಗಿರಲಿಲ್ಲ. ಡ್ರೈವರ್ ಪಕ್ಕದಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಕರ್ನಾಟಕದಲ್ಲಿ ಇಟ್ಟುಕೊಂಡು ಕೂತೆ. ಮಡಿಲಲ್ಲಿ ಒಂದು ಮಗು. ಯಾರದ್ದು ಅಂತ ಕೊನೆಗೂ ಗೊತ್ತಾಗಲಿಲ್ಲ.

ದಾರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಗಾಂಧೀಜಿ ಸುಳ್ಳು ಹೇಳಿರಲಿಲ್ಲ. ಬಳ್ಳಾರಿಯ ಬರೀ ಬಂಡೆ ನೋಡಿ ಬೆಳೆದವನಿಗೆ ಅಷ್ಟೊಂದು ಹಸಿರು ಒಮ್ಮೆಗೇ ಕಂಡರೆ ಏನು ಮಾಡಬೇಕು ಅಂತಲೇ ತೋಚಲ್ಲ. ಗುಡ್ಡದ ತಲೆಯ ಮೇಲೆ ಮೋಡ ಕೂತಿತ್ತು. ಗಾಳಿ ತಣ್ಣಗಿತ್ತು, ಅದೂ ಮಧ್ಯಾಹ್ನ! ನಮ್ಮ ಊರಿನ ದಂಡಿನಲ್ಲಿದ್ದ ಬ್ರಿಟಿಷರು ಬಿಸಿಲು ತಾಳಲಾರದೆ ಇದೇ ಸಾಲಿನ ರಾಮನದುರ್ಗಕ್ಕೆ ಓಡಿ ಬರುತ್ತಿದ್ದರು. ಅವರ ಬೇರೆ ಕೆಲಸಗಳ ಬಗ್ಗೆ ನನಗೆ ತಕರಾರಿದೆ. ಇದರ ಬಗ್ಗೆ ಇಲ್ಲ.

ಗುಡಿ ಹತ್ತಿರ ಬಂದಾಗ ಅಜ್ಜಿ ಚೀಲ ಬಿಚ್ಚಿದರು. ಒಳಗೆ ತೆಂಗಿನಕಾಯಿ.

"ನಮ್ಮ ಮನ್ಯಾಗ ಹೆಂಗಸರು ಕುಮಾರಸ್ವಾಮಿ ಮುಂದ ಹೋಗಾದಿಲ್ಲಪ್ಪ, ಹಿಂದಿನಿಂದ ಬಂದ ಪದ್ಧತಿ. ನಾವು ಪಾರ್ವತಮ್ಮನ ಗುಡಿ ಕಡೆ ಇರ್ತೀವಿ. ನೀನು ಗಂಡು ಹುಡುಗ, ನಮ್ಮ ಹೆಸರಿಲೆ ಒಡಿಸ್ಕೊಂಡು ಬಾ."

ದೇವರು ತಾಯಿಯನ್ನೇ ಪಕ್ಕದಲ್ಲಿ ಇಟ್ಟುಕೊಂಡಿರುವಾಗ ಅಜ್ಜಿಯನ್ನು ಯಾಕೆ ದೂರ ಇಡಬೇಕು ಅಂತ ಕೇಳಬೇಕು ಅನ್ನಿಸಿತು. ಕೇಳೋಕೆ ಸಮಯ ಸಿಗಲಿಲ್ಲ. ಒಬ್ಬೊಬ್ಬರೇ ಚೀಲ ಬಿಚ್ಚುತ್ತಾ ಬಂದರು. ಎಲ್ಲ ಸೇರಿ ಏಳು ಕಾಯಿ. ಏಳು ಹೆಸರು, ಮನೆಯವರ ಹೆಸರು, ಹರಕೆ ಯಾಕೆ ಅಂತ ಬೇರೆ. ನೆನಪಿರಲಿ ಅಂತ ಎಲ್ಲವನ್ನೂ ಪೆನ್ನಿನಿಂದ ಅಂಗೈ ಮೇಲೆ ಬರೆದುಕೊಂಡೆ. ಕಾಯಿಗಳನ್ನು ಕಾಲೇಜು ಬ್ಯಾಗಿಗೆ ತುಂಬಿದೆ. ಅಕೌಂಟೆನ್ಸಿ ಪುಸ್ತಕ ಹೊತ್ತ ಬ್ಯಾಗಿಗೆ ಭಾರ ಹೊಸದಲ್ಲ ನೋಡಿ.

ಹೆಜ್ಜೆ ಇಟ್ಟೆ, ಮಳೆ ಬಂತು. ಜೊತೆಗೆ ಒಂದು ಕೋತಿಯೂ ಬಂತು. ಅದು ಬ್ಯಾಗಿನ ಒಂದು ಪಟ್ಟಿ ಹಿಡಿದುಕೊಂಡಿತು, ನಾನು ಇನ್ನೊಂದು. ಇಬ್ಬರೂ ಬಿಡಲಿಲ್ಲ. ಅದರ ಪಟ್ಟಿ ಕಿತ್ತು ಬಂತು, ನಾನು ಹಿಂದಕ್ಕೆ ಬಿದ್ದೆ. ಬಿದ್ದದ್ದು ಕೆಂಪು ರಾಡಿಯಲ್ಲಿ. ಸಂಡೂರಿನ ಮಣ್ಣಿನಲ್ಲಿ ಕಬ್ಬಿಣ ಇದೆ, ಅದು ಸೋಪಿಗೆ ಹೆದರಲ್ಲ. ಬಿಳಿ ಶರ್ಟು ಹಸಿರಿಗೆ ಎದ್ದು ಕಾಣುವ ಕೆಲಸವನ್ನು ಅಲ್ಲಿಗೇ ಬಿಟ್ಟಿತು.

ಪೂಜಾರಿಗಳ ಮುಂದೆ ನಿಂತು ಅಂಗೈ ಬಿಡಿಸಿದರೆ ಬರೀ ನೀಲಿ. ಒಂದು ಹೆಸರೂ ಉಳಿದಿರಲಿಲ್ಲ.

"ಯಾರ ಹೆಸರಿಗೆ?" ಅಂದರು.

"ಗಂಗಮ್ಮ... ಇಲ್ಲಾ ಗೌರಮ್ಮ. ಒಬ್ಬರಿಗೆ ಮೊಣಕಾಲು ನೋವು. ಒಬ್ಬರ ಸೊಸೆಗೆ ಏನೋ."

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಮೈತುಂಬ ರಾಡಿ, ತೋಳಲ್ಲಿ ಏಳು ಕಾಯಿ. "ದೇವರಿಗೆ ಗೊತ್ತಿರ್ತದೆ ಬಿಡಪ್ಪ" ಅಂತ ಎಲ್ಲವನ್ನೂ ಒಟ್ಟಿಗೇ ಒಡೆದುಕೊಟ್ಟರು. ಯಾವ ಹೋಳು ಯಾರದ್ದು ಅಂತ ಹೊರಗೆ ಬಂದ ಮೇಲೆ ಸಣ್ಣ ಪಂಚಾಯ್ತಿ ನಡೆಯಿತು.

ಮಳೆ ನಿಂತಾಗ ಕಣಿವೆಯ ಕಡೆ ಮುಖ ಮಾಡಿ, ಕೈ ಚಾಚಿ ನಿಂತೆ. ಬಂದದ್ದೇ ಇದಕ್ಕೆ ತಾನೆ? ಅಜ್ಜಿಯ ಮೊಮ್ಮಗಳ ಕೈಗೆ ಮೊಬೈಲ್ ಕೊಟ್ಟು ಒಂದು ಫೋಟೋ ತೆಗಿ ಅಂದೆ. ಅವಳು "ರೆಡಿ" ಅನ್ನುವಷ್ಟರಲ್ಲಿ ನನ್ನ ಚಾಚಿದ ಕೈಗಳ ಕೆಳಗೆ ಇಡೀ ತಂಡ ಸೆರಗು ಸರಿ ಮಾಡಿಕೊಂಡು ನಿಂತಿತ್ತು. ನನ್ನ ಸೋಲೋ ಟ್ರಿಪ್ಪಿನ ಒಂದೇ ಒಂದು ಫೋಟೋ ಅದು. ಅದರಲ್ಲಿ ನನ್ನನ್ನು ಹುಡುಕಬೇಕು.

ವಾಪಸ್ ಬರುವ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಲಂಬಾಣಿ ಅವ್ವ ಕಿತ್ತುಹೋದ ಬ್ಯಾಗು ನೋಡಿ, ಸೂಜಿ ತೆಗೆದು, ಕೆಂಪು ದಾರದಲ್ಲಿ ಪಟ್ಟಿ ಹೊಲಿದುಕೊಟ್ಟರು. ಸಂಡೂರು ಲಂಬಾಣಿ ಕಸೂತಿಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಈಗ ಕಾಲೇಜಿನಲ್ಲಿ ಜಿಐ ಟ್ಯಾಗ್ ಇರುವ ಬ್ಯಾಗು ನನ್ನದೊಂದೇ ಅಂತ ಹೇಳಿಕೊಂಡು ತಿರುಗುತ್ತಿದ್ದೇನೆ.

ಮನೆಯಲ್ಲಿ ಯಾರಿಗೂ ಹೇಳದಿದ್ದರೆ ಆಯ್ತು ಅಂದುಕೊಂಡು ಬಾಗಿಲು ತೆಗೆದೆ. ಆ ಮೊಮ್ಮಗಳು ನನ್ನ ಮೊಬೈಲಿನಿಂದ ಫೋಟೋ ಕಳಿಸಿಕೊಂಡು ಸ್ಟೇಟಸ್ ಇಟ್ಟಿದ್ದಳು. ಅದು ಅವಳ ಅತ್ತೆಗೆ, ಅಲ್ಲಿಂದ ನಮ್ಮ ಚಿಕ್ಕಮ್ಮನಿಗೆ, ಅಲ್ಲಿಂದ ಅಮ್ಮನಿಗೆ ತಲುಪಿತ್ತು. ಕ್ಲಾಸ್ ಯಾಕೆ ಬಿಟ್ಟೆ ಅಂತ ಅಮ್ಮ ಕೇಳಲಿಲ್ಲ. ಶರ್ಟಿನ ಬಗ್ಗೆಯೂ ಕೇಳಲಿಲ್ಲ.

"ಕಂಡವರ ಕಾಯಿ ಎಲ್ಲ ಒಡಿಸಿ ಬಂದಿ. ನಮ್ಮ ಮನೀದು?"

ಉತ್ತರ ಇರಲಿಲ್ಲ. ಬರುವ ಹುಣ್ಣಿಮೆಗೆ ಮಾವ ಕ್ರೂಸರ್ ಮಾತಾಡಿದ್ದಾರೆ. ಚಿಕ್ಕಮ್ಮನ ಮನೆಯವರು, ಎದುರು ಮನೆಯವರು, ಅವರ ಬೀಗರು ಎಲ್ಲ ಬರುತ್ತಾರಂತೆ. ದಾರಿ ಗೊತ್ತಿರುವವನು ನಾನೊಬ್ಬನೇ, ಹಾಗಾಗಿ ನಾನು ಇರಲೇಬೇಕಂತೆ. ಸೀಟು ಮಾತ್ರ ಇಲ್ಲ. ಹಿಂದೆ ಬುತ್ತಿ ಗಂಟಿನ ಜೊತೆ ಕೂತುಕೋ, ರೊಟ್ಟಿ ಮುರಿಯದ ಹಾಗೆ ನೋಡಿಕೋ ಅಂದಿದ್ದಾರೆ.