ಬಾಣಂತನ ಎಲ್ಲಿ ಅಂತ ಮೊದಲ ದಿನವೇ ಕೇಳಿ

ತಾಯಿ ಕಾರ್ಡ್ ಮಾಡಿಸೋ ಹೊತ್ತಿಗೇ ಗರ್ಭಿಣಿಯ ಬೆರಳು ಚುಚ್ಚಿ ಎಚ್‌ಐವಿ ಪರೀಕ್ಷೆ ಮಾಡೋದು ಈಗ ನಮ್ಮ ಕಡೆ ಮಾಮೂಲಾಗಿದೆ. ಅಲ್ಲಿಯವರೆಗೆ ಕೆಲಸ ಚೆನ್ನಾಗೇ ನಡೀತಿದೆ. ಎಡವೋದು ಆಮೇಲೆ. ಪಾಸಿಟಿವ್ ಅಂತ ಗೊತ್ತಾದ ಹುಡುಗಿ ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ, ಮಡಿಲು ತುಂಬಿಸಿಕೊಂಡು ತವರಿಗೆ ಹೊರಡ್ತಾಳೆ. ಮಾತ್ರೆ ಒಂದು ಜಿಲ್ಲೆಯಲ್ಲಿ, ಹೆರಿಗೆ ಇನ್ನೊಂದು ಜಿಲ್ಲೆಯಲ್ಲಿ, ಮಗುವಿನ ಪರೀಕ್ಷೆ ಯಾರ ರಿಜಿಸ್ಟರಿನಲ್ಲೂ ಇಲ್ಲ. ಅದಕ್ಕೇ ಐಸಿಟಿಸಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರ) ಕೌನ್ಸೆಲರ್‌ಗಳಿಗೂ ಆಶಾ ಅಕ್ಕಂದಿರಿಗೂ ಹೇಳೋದು: "ಬಾಣಂತನ ಎಲ್ಲಮ್ಮಾ?" ಅನ್ನೋದನ್ನ ಮೊದಲ ದಿನವೇ ಕೇಳಿ.

ಉಪಕೇಂದ್ರದ ಕಿಟ್‌ನಲ್ಲಿ ಗೆರೆ ಮೂಡಿದ ಮಾತ್ರಕ್ಕೆ ಎಚ್‌ಐವಿ ಇದೆ ಅಂತ ತೀರ್ಮಾನ ಆಗಲ್ಲ. ಐಸಿಟಿಸಿಯಲ್ಲಿ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿ, ಮೂರರಲ್ಲೂ ರಿಯಾಕ್ಟಿವ್ (ಸೋಂಕಿನ ಸುಳಿವು ಇದೆ ಅಂತ) ಬಂದ ಮೇಲೇ ಪಾಸಿಟಿವ್ ವರದಿ. ಅಷ್ಟರೊಳಗೆ ಅತ್ತೆಗೋ ಪಕ್ಕದ ಮನೆಗೋ ಬಾಯಿ ಬಿಟ್ಟರೆ ಆ ಹುಡುಗಿ ಮತ್ತೆ ಆಸ್ಪತ್ರೆ ಮೆಟ್ಟಿಲು ಹತ್ತಲ್ಲ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡೋದು, ಫಲಿತಾಂಶ ಬಯಲು ಮಾಡೋದು ಎರಡೂ 2017ರ ಎಚ್‌ಐವಿ ಕಾಯ್ದೆ ಪ್ರಕಾರ ತಪ್ಪು. ಮಂಚಕ್ಕೆ ಚೀಟಿ ಅಂಟಿಸೋದು, ಕಾರ್ಡಿನ ಮೇಲೆ ಎಲ್ಲರಿಗೂ ಕಾಣೋ ಹಾಗೆ ಗುರುತು ಹಾಕೋದು ಕೂಡ ಬಯಲು ಮಾಡಿದಂತೆಯೇ. ಇನ್ನು ನೆಗೆಟಿವ್ ಬಂದವರ ವಿಷಯ. ಸೋಂಕು ತಗುಲಿದ ಮೊದಲ ಕೆಲವು ವಾರ ಕಿಟ್‌ಗೆ ಅದು ಸಿಗಲ್ಲ. ಹಾಗಾಗಿ ಗಂಡನ ಪರೀಕ್ಷೆಯೂ ಆಗಲಿ. ಅವನು ಪಾಸಿಟಿವ್ ಆಗಿದ್ದರೆ ಅವಳಿಗೆ ಕೊನೆಯ ತಿಂಗಳುಗಳಲ್ಲಿ ಮತ್ತೊಮ್ಮೆ ನೋಡಲೇಬೇಕು.

ಚಿಕಿತ್ಸೆ ಈಗ ಸರಳ. ಹಿಂದೆ ಹೆರಿಗೆ ನೋವು ಶುರುವಾದಾಗ ನೆವಿರಪಿನ್ ಅನ್ನೋ ಎಚ್‌ಐವಿ ಔಷಧಿಯ ಒಂದೇ ಒಂದು ಮಾತ್ರೆ ಕೊಡ್ತಿದ್ದರು. 2014ರಿಂದ ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ಎಷ್ಟೇ ಇರಲಿ, ಗೊತ್ತಾದ ಕೂಡಲೇ ಎಆರ್‌ಟಿ, ಅಂದರೆ ವೈರಸ್ ಹತ್ತಿಕ್ಕೋ ಔಷಧಿ ಶುರು, ಅದು ಜೀವನಪೂರ್ತಿ. ಈಗಿನದು ಟಿಎಲ್‌ಡಿ: ದಿನಕ್ಕೊಂದು ಮಾತ್ರೆ, ಅದರಲ್ಲಿ ಟೆನೊಫೊವಿರ್ 300, ಲಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿ.ಗ್ರಾಂ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ದಾಟಬಹುದು. ಸರಿಯಾಗಿ ನಡೆದರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತೆ.

ಇಲ್ಲೊಂದು ತಪ್ಪು ಬಹಳ ಸುಲಭವಾಗಿ ನಡೆದುಹೋಗುತ್ತೆ. ಬಸುರಿಗೆ ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದ್ದೇ ಇರುತ್ತೆ. ಖಾಲಿ ಹೊಟ್ಟೆಗೆ ಟಿಎಲ್‌ಡಿ ಜೊತೆ ಅವನ್ನೂ ನುಂಗಿದರೆ ಡೊಲುಟೆಗ್ರಾವಿರ್ ಅವಕ್ಕೆ ಅಂಟಿಕೊಂಡು ರಕ್ತಕ್ಕೆ ಸೇರೋದು ಕಡಿಮೆಯಾಗುತ್ತೆ. ದಿನಾ ಮಾತ್ರೆ ತಗೊಂಡರೂ ವೈರಸ್ ಇಳಿಯಲ್ಲ. ಟಿಎಲ್‌ಡಿ ತಗೊಂಡು 2 ಗಂಟೆ ಆದ ಮೇಲೆ ಅವನ್ನು ತಗೋಬಹುದು. ಅವನ್ನು ಮೊದಲು ತಗೊಂಡಿದ್ದರೆ ಟಿಎಲ್‌ಡಿಗೆ 6 ಗಂಟೆ ಕಾಯಬೇಕು. ಹೊಟ್ಟೆ ತುಂಬ ಊಟ ಮಾಡ್ತಾ ತಗೊಂಡರೆ ಒಟ್ಟಿಗೆ ತಗೋಬಹುದು. ಕೌನ್ಸೆಲಿಂಗ್‌ನಲ್ಲಿ ಇಷ್ಟನ್ನು ಬಿಡಿಸಿ ಹೇಳೋಕೆ ಎರಡು ನಿಮಿಷ ಸಾಕು.

ಈಗ ತವರಿನ ಮಾತಿಗೆ ಬರೋಣ. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಎಣಿಸೋ ವೈರಲ್ ಲೋಡ್ ಪರೀಕ್ಷೆ ಆಗಬೇಕಾದ್ದು 32ರಿಂದ 36ನೇ ವಾರದಲ್ಲಿ, ಅಂದರೆ ಸರಿಯಾಗಿ ಅವಳು ತವರಿನಲ್ಲಿರೋ ಹೊತ್ತಲ್ಲಿ. ಮಗುವಿನ ಔಷಧಿ ನಿರ್ಧಾರ ಆಗೋದೇ ಆ ಸಂಖ್ಯೆಯ ಮೇಲೆ. ಒಂದು ಮಿ.ಲೀ. ರಕ್ತಕ್ಕೆ 1000ಕ್ಕಿಂತ ಕಡಿಮೆ ಇದ್ದರೆ ನೆವಿರಪಿನ್ ಸಿರಪ್ ಒಂದೇ, 6 ವಾರ. ಹೆಚ್ಚಿದ್ದರೆ, ಅಥವಾ ಪರೀಕ್ಷೆಯೇ ಆಗದಿದ್ದರೆ, ಜೊತೆಗೆ ಜಿಡೊವುಡಿನ್ ಅನ್ನೋ ಇನ್ನೊಂದು ಔಷಧಿ ಕೂಡ. ಹೀಗೆ ಎರಡೂ ಔಷಧಿ ಬೇಕಾದ ಮಗು ಎದೆಹಾಲು ಕುಡೀತಿದ್ದರೆ ಅವು 12 ವಾರ. ಆದ್ದರಿಂದ ಹೊರಡೋ ಮುಂಚೆಯೇ ತವರಿನ ಹತ್ತಿರದ ಎಆರ್‌ಟಿ ಕೇಂದ್ರಕ್ಕೆ ವರ್ಗಾವಣೆ ಪತ್ರ, ಕೈಯಲ್ಲಿ ಸಾಕಷ್ಟು ಮಾತ್ರೆ, ಅಲ್ಲಿನ ಕೌನ್ಸೆಲರ್ ನಂಬರ್ ಎಲ್ಲ ಸಿದ್ಧವಾಗಿರಲಿ. ಅವಳ ನಂಬರ್ ಬರಕೊಳ್ಳುವಾಗ ಆ ಫೋನ್ ಯಾರ ಕೈಯಲ್ಲಿರುತ್ತೆ ಅಂತಲೂ ಕೇಳಿ. ಎಷ್ಟೋ ಸಲ ಅದು ಅಣ್ಣನದ್ದಾಗಿರುತ್ತೆ.

ನೆವಿರಪಿನ್ ಸಿರಪ್ 1 ಮಿ.ಲೀ.ಗೆ 10 ಮಿ.ಗ್ರಾಂ ಇರುತ್ತೆ. ಹುಟ್ಟಿದಾಗ ಎರಡೂವರೆ ಕೆಜಿಗಿಂತ ಹೆಚ್ಚಿದ್ದ ಮಗುವಿಗೆ ದಿನಕ್ಕೊಮ್ಮೆ 1.5 ಮಿ.ಲೀ., 2ರಿಂದ 2.5 ಕೆಜಿ ಇದ್ದರೆ 1 ಮಿ.ಲೀ., ಅದಕ್ಕಿಂತ ಕಡಿಮೆ ಇದ್ದರೆ ಡಾಕ್ಟರ್ ತೂಕ ನೋಡಿ ಲೆಕ್ಕ ಹಾಕಿ ಕೊಡ್ತಾರೆ. ಬಾಟಲಿ ಅಲ್ಲಾಡಿಸದಿದ್ದರೆ ಔಷಧಿ ತಳದಲ್ಲೇ ಕೂತುಬಿಡುತ್ತೆ. ಚಮಚದಲ್ಲಿ ಅಳೀಬೇಡಿ. ಮನೆಯ ಟೀ ಚಮಚ ತುಂಬಿದರೆ ಹತ್ತಿರತ್ತಿರ 5 ಮಿ.ಲೀ. ಆಗುತ್ತೆ. ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಗೆರೆ ನೋಡಿ ಎಳೆದು, ಕೆನ್ನೆಯ ಒಳಬದಿಗೆ ನಿಧಾನ ಬಿಡಿ. ಮೊದಲ ಡೋಸ್ ಅಮ್ಮನ ಕೈಯಲ್ಲೇ ಹಾಕಿಸಿ ನೋಡಿ.

ಬಾಣಂತನ ಮಾಡೋದು ಹುಡುಗಿಯ ಅಮ್ಮ. ಹೆಚ್ಚಾಗಿ ಅವರಿಗೆ ವಿಷಯ ಗೊತ್ತಿರಲ್ಲ. ಜೇನು ನೆಕ್ಕಿಸ್ತಾರೆ, ಬಜೆ ತೇಯ್ತಾರೆ, ಸುತ್ತುಖಾರ ಹಾಕ್ತಾರೆ, ಹಾಲು ಸಾಲದು ಅನ್ನಿಸಿದರೆ ಹಸುವಿನ ಹಾಲು. ಎಲ್ಲ ಪ್ರೀತಿಯಿಂದಲೇ. ಆದರೆ ಎಳೇ ಕರುಳಿನ ಒಳಪೊರೆ ಇದರಿಂದ ಕೆರಳುತ್ತೆ, ಎದೆಹಾಲಿನಲ್ಲಿರೋ ವೈರಸ್‌ಗೆ ಅಲ್ಲೇ ದಾರಿ ಸಿಗುತ್ತೆ. ಡಾಕ್ಟರ್ ಕೊಟ್ಟ ಔಷಧಿ, ಲಸಿಕೆ ಬಿಟ್ಟರೆ ಮೊದಲ ಆರು ತಿಂಗಳು ಬರೀ ಎದೆಹಾಲು, ನೀರೂ ಬೇಡ. ಹುಡುಗಿ ತನ್ನ ಅಮ್ಮನಿಗೆ ಏನನ್ನೂ ಬಿಚ್ಚಿಡಬೇಕಾಗಿಲ್ಲ. "ಆರು ತಿಂಗಳು ಎದೆಹಾಲು ಬಿಟ್ಟು ಏನೂ ಕೊಡಬೇಡಿ ಅಂದಿದ್ದಾರೆ ಡಾಕ್ಟರು" ಅಂದರೆ ಸಾಕು. ಈ ಮಾತು ಎಲ್ಲ ಮಕ್ಕಳಿಗೂ ಅನ್ವಯಿಸೋದರಿಂದ ಯಾರಿಗೂ ಅನುಮಾನ ಬರಲ್ಲ.

ಆರನೇ ವಾರದಲ್ಲಿ ಮೊದಲ ಪೆಂಟಾ ಲಸಿಕೆ. ಅದೇ ದಿನ ಮಗುವಿನ ಮೊದಲ ಪರೀಕ್ಷೆಯನ್ನೂ ಮಾಡಿಸಿ, ಬೇರೆ ಸೋಂಕು ತಡೆಯೋ ಕೋಟ್ರೈಮಾಕ್ಸಜೋಲ್ ಔಷಧಿ ಕೂಡ ಶುರುವಾಗಲಿ. ದೊಡ್ಡವರ ಕಿಟ್ ಇಲ್ಲಿ ಉಪಯೋಗಕ್ಕಿಲ್ಲ. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದು, ಸೋಂಕಿಲ್ಲದ ಮಗುವೂ ರಿಯಾಕ್ಟಿವ್ ತೋರಿಸಬಹುದು. ವೈರಸ್ಸನ್ನೇ ಹುಡುಕಬೇಕು, ಅದಕ್ಕೇ ಒಣ ರಕ್ತದ ಚುಕ್ಕೆ, ಅಂದರೆ ಕಾಗದದ ಮೇಲೆ ರಕ್ತದ ಹನಿ ಒಣಗಿಸಿ ಲ್ಯಾಬಿಗೆ ಕಳಿಸೋದು. ಹಿಮ್ಮಡಿ ಬೆಚ್ಚಗೆ ಮಾಡಿ, ಪಕ್ಕದ ಅಂಚಿಗೆ ಚುಚ್ಚಿ, ಮೊದಲ ಹನಿ ಒರೆಸಿ, ಎರಡನೇದು ದಪ್ಪವಾಗಿ ತೂಗುವವರೆಗೂ ಕಾಯಬೇಕು. ಕಾಗದದ ವೃತ್ತ ಒಂದೇ ಹನಿಗೆ ತುಂಬಿ, ಹಿಂಬದಿಗೂ ಕಾಣಬೇಕು. ಹಿಂಡಿದರೆ ಅಂಗಾಂಶದ ನೀರು ಬೆರೆಯುತ್ತೆ, ಹನಿ ಮೇಲೆ ಹನಿ ಹಾಕಿದರೆ ಮಾದರಿ ತಿರಸ್ಕಾರ ಆಗುತ್ತೆ. ಬಿಸಿಲಿಗೆ ಇಡದೆ ಕನಿಷ್ಠ 4 ಗಂಟೆ ಒಣಗಿಸಿ. ಹಸಿಯಾಗಿದ್ದಾಗಲೇ ಕವರಿಗೆ ಹಾಕಿದರೆ ಬೂಷ್ಟು. ಪಾಸಿಟಿವ್ ಬಂದರೆ ಮತ್ತೊಂದು ಮಾದರಿ ಕಳಿಸಿ, ಅದರ ಫಲಿತಾಂಶಕ್ಕೆ ಕಾಯದೆ ಮಗುವಿಗೆ ಎಆರ್‌ಟಿ ಶುರು ಮಾಡಬೇಕು.

ನೆಗೆಟಿವ್ ಬಂತು ಅಂತ ಅಲ್ಲಿಗೇ ಬಿಡಬೇಡಿ. ಎದೆಹಾಲು ನಡೀತಿರುವಷ್ಟು ದಿನ ಅಪಾಯ ಇದ್ದೇ ಇರುತ್ತೆ. 6ನೇ ತಿಂಗಳು, 12ನೇ ತಿಂಗಳು, ಕೊನೆಗೆ 18ನೇ ತಿಂಗಳು ಮೂರು ಕಿಟ್‌ಗಳ ಪರೀಕ್ಷೆ. ಅಷ್ಟು ಹೊತ್ತಿಗೆ ಅವಳು ಗಂಡನ ಮನೆಗೆ ವಾಪಸ್ ಬಂದಿರ್ತಾಳೆ. ಆದ್ದರಿಂದ ತವರಿನ ಕೌನ್ಸೆಲರ್ ಈ ಕಡೆಯ ಕೌನ್ಸೆಲರ್‌ಗೆ ಫೋನ್ ಮಾಡಿ, ಮುಂದಿನ ಪರೀಕ್ಷೆಯ ತಾರೀಕು ಹೇಳಿ ಬರೆಸಲಿ. ಯಾರಿಗೆ ಕೇಳಬೇಕು ಅಂತ ತೋಚದ ತಾಯಂದಿರು ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಕರೆಗೆ ದುಡ್ಡಿಲ್ಲ.