ಮೊದಲ ಮೈಕ್ ಕೊಳ್ಳುವ ಮುನ್ನ ಹಾಡುವ ಕೋಣೆಯನ್ನು ಕೇಳಿಸಿಕೊಳ್ಳಿ

ಮನೆಯಲ್ಲೇ ಹಾಡಿ ರೆಕಾರ್ಡ್ ಮಾಡಬೇಕೆಂಬ ಆಸೆ ಈಗ ಬಹಳ ಮಂದಿಗೆ ಇದೆ. ಭಾವಗೀತೆ ಹಾಡುವವರು, ಕರ್ನಾಟಕ ಸಂಗೀತ ಕಲಿಯುತ್ತಿರುವ ಮಕ್ಕಳು, ಕರೋಕೆ ಟ್ರ್ಯಾಕ್‌ಗೆ ಹಳೆಯ ಚಿತ್ರಗೀತೆಗಳನ್ನು ಹಾಡಿ ಹಂಚಿಕೊಳ್ಳುವ ನಿವೃತ್ತರು, ಎಲ್ಲರೂ ಮೊದಲು ಕೇಳುವುದು ಕಡಿಮೆ ಖರ್ಚಿನಲ್ಲಿ ಯಾವ ಮೈಕ್ ಕೊಳ್ಳಬೇಕು ಎಂದು. ಸ್ಟುಡಿಯೋಗಳಲ್ಲಿ ಇರುವಂತಹ ಕಂಡೆನ್ಸರ್ ಮೈಕ್ ತೆಗೆದುಕೊಳ್ಳಿ ಎಂಬ ಉತ್ತರವೇ ಸಾಮಾನ್ಯವಾಗಿ ಸಿಗುತ್ತದೆ. ನನ್ನ ಅಭಿಪ್ರಾಯ ಬೇರೆ. ಫ್ಯಾನು, ಫ್ರಿಜ್ಜು, ರಸ್ತೆಯ ಹಾರ್ನು, ಪಕ್ಕದ ಮನೆಯ ಕುಕ್ಕರ್ ಇವೆಲ್ಲವುಗಳ ನಡುವೆ ಬದುಕುವ ನಮ್ಮಂಥವರಿಗೆ ಮೊದಲ ಮೈಕ್ ಡೈನಾಮಿಕ್ ಆಗಿರುವುದೇ ಲೇಸು. ಅದರಿಂದ ಉಳಿಯುವ ಹಣವನ್ನೂ ಗಮನವನ್ನೂ ಹಾಡುವ ಕೋಣೆಗೆ ಕೊಡಬೇಕು.

ಎರಡೂ ಬಗೆಯ ಮೈಕ್‌ಗಳು ಕೆಲಸ ಮಾಡುವ ರೀತಿಯನ್ನು ತಿಳಿದುಕೊಂಡರೆ ಈ ಮಾತು ಸ್ಪಷ್ಟವಾಗುತ್ತದೆ. ಡೈನಾಮಿಕ್ ಮೈಕ್‌ನಲ್ಲಿ ತೆಳುವಾದ ಪೊರೆಯೊಂದಕ್ಕೆ ತಂತಿಯ ಸುರುಳಿ ಅಂಟಿಕೊಂಡಿರುತ್ತದೆ. ದನಿಗೆ ಪೊರೆ ಅಲುಗಿದಾಗ ಸುರುಳಿಯು ಅಯಸ್ಕಾಂತದ ಕ್ಷೇತ್ರದಲ್ಲಿ ಚಲಿಸಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಇದಕ್ಕೆ ಹೊರಗಿನ ವಿದ್ಯುತ್ ಬೇಕಿಲ್ಲ. ವೇದಿಕೆಗಳಲ್ಲಿ ನಾವು ದಿನವೂ ಕಾಣುವ, ತಲೆಯ ಮೇಲೆ ಜಾಲರಿಯ ಉಂಡೆ ಇರುವ ಶೂರ್ ಎಸ್‌ಎಂ58 ಈ ಜಾತಿಯದು. 1966ರಲ್ಲಿ ಬಂದ ಈ ಮೈಕ್ ಇಂದಿಗೂ ಮಾರುಕಟ್ಟೆಯಲ್ಲಿದೆ. ಕಂಡೆನ್ಸರ್ ಇನ್ನೂ ಹಳೆಯದು. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಇ.ಸಿ. ವೆಂಟೆ ಅದನ್ನು ರೂಪಿಸಿದ್ದು 1916ರಲ್ಲಿ. ಅದರಲ್ಲಿ ಸುರುಳಿಯ ಭಾರವಿಲ್ಲದ ಹಗುರ ಪೊರೆ ಲೋಹದ ಫಲಕದ ಎದುರು ಅಲುಗುತ್ತದೆ. ಆದ್ದರಿಂದ ಸೂಕ್ಷ್ಮವಾದ ಏರಿಳಿತಗಳನ್ನೂ ಅದು ಬೇಗ ಹಿಡಿಯುತ್ತದೆ, ಆದರೆ ಅದಕ್ಕೆ ಇಂಟರ್‌ಫೇಸ್‌ನಿಂದ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯಿಂದ) ಫ್ಯಾಂಟಮ್ ಪವರ್, ಅಂದರೆ ಮೈಕ್‌ನ ಕೇಬಲ್‌ನಲ್ಲೇ ಹರಿದುಬರುವ 48 ವೋಲ್ಟ್ ವಿದ್ಯುತ್ತು ಕೊಡಬೇಕು. ಎಸ್‌ಎಂ58 ಹಿಡಿಯುವ ದನಿಯ ವ್ಯಾಪ್ತಿ, ತಗ್ಗಿನಿಂದ ಎತ್ತರದವರೆಗೆ, 50 ಹರ್ಟ್ಜ್‌ನಿಂದ 15,000 ಹರ್ಟ್ಜ್‌ವರೆಗೆ ಇದ್ದರೆ, ಆಡಿಯೋ ಟೆಕ್ನಿಕಾದ ಎಟಿ2020ಯಂತಹ ಮಧ್ಯಮ ಬೆಲೆಯ ಕಂಡೆನ್ಸರ್‌ನದು 20ರಿಂದ 20,000 ಹರ್ಟ್ಜ್. ಕಾಗದದ ಮೇಲೆ ಕಂಡೆನ್ಸರ್ ಗೆದ್ದಂತೆ ಕಾಣುವುದು ಈ ಅಂಕಿಗಳಿಂದ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿ ಹೇಳಬೇಕು. ಡೈನಾಮಿಕ್ ಮೈಕ್ ಸುತ್ತಲಿನ ಗದ್ದಲವನ್ನು ತಾನಾಗಿಯೇ ತಡೆಯುತ್ತದೆ ಎಂದು ಅನೇಕರು ನಂಬಿದ್ದಾರೆ. ಹಾಗೇನಿಲ್ಲ. ಒಂದೇ ದೂರದಲ್ಲಿ, ಯಾವ ದಿಕ್ಕಿನಿಂದ ಎಷ್ಟು ಸದ್ದು ಹಿಡಿಯಬೇಕೆಂಬ ವಿನ್ಯಾಸ ಒಂದೇ ಆಗಿರುವ ಎರಡು ಮೈಕ್‌ಗಳನ್ನಿಟ್ಟು ದನಿಯ ಮಟ್ಟವನ್ನು ಸಮ ಮಾಡಿದರೆ, ಎರಡರಲ್ಲೂ ಕೋಣೆಯ ಸದ್ದು ಹೆಚ್ಚುಕಡಿಮೆ ಅಷ್ಟೇ ಕೇಳುತ್ತದೆ. ವ್ಯತ್ಯಾಸವಾಗುವುದು ನಾವು ಹಾಡುವ ದೂರದಿಂದ. ಡೈನಾಮಿಕ್ ಮೈಕ್‌ನ ಎದುರು ನಾವು ಎರಡು ಇಂಚಿನಷ್ಟು ಹತ್ತಿರಕ್ಕೆ ಬಂದು ಹಾಡುತ್ತೇವೆ; ಕಂಡೆನ್ಸರ್ ಮುಂದೆ ಆರರಿಂದ ಎಂಟು ಇಂಚು ದೂರ ನಿಲ್ಲುತ್ತೇವೆ. ದೂರ ಎರಡು ಪಟ್ಟಾದಾಗಲೆಲ್ಲ ಬಾಯಿಂದ ನೇರವಾಗಿ ಮೈಕ್ ತಲುಪುವ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಗೋಡೆಗಳಿಗೆ ಬಡಿದು ಬರುವ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಎರಡು ಇಂಚಿನಿಂದ ಎಂಟು ಇಂಚಿಗೆ ಸರಿದರೆ 12 ಡೆಸಿಬಲ್ ಹೋಯಿತು. ಅದನ್ನು ತುಂಬಲು ಗೇನ್ (ಮೈಕ್‌ನ ಸಿಗ್ನಲ್ಲನ್ನು ಹಿಗ್ಗಿಸುವ ಮಟ್ಟ) ಏರಿಸಿದೊಡನೆ ಫ್ಯಾನಿನ ಸದ್ದೂ ಖಾಲಿ ಗೋಡೆಯ ಪ್ರತಿಧ್ವನಿಯೂ ಜೊತೆಗೇ ಏರಿಬರುತ್ತವೆ.

ಹಾಗಾಗಿ ಹಣ ತೆಗೆಯುವ ಮೊದಲು, ಹಾಡಬೇಕೆಂದಿರುವ ಕೋಣೆಯಲ್ಲಿ, ಹಾಡುವ ಹೊತ್ತಿನಲ್ಲೇ, ಫೋನಿನಲ್ಲಿ ಒಂದು ನಿಮಿಷದ ಮೌನವನ್ನು ರೆಕಾರ್ಡ್ ಮಾಡಿ ಹೆಡ್‌ಫೋನ್ ಹಾಕಿಕೊಂಡು ಕೇಳಿ. ನಡುಕೋಣೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಗಾರೆ ನೆಲ, ಬರಿಯ ಗೋಡೆ, ಗಾಜಿನ ಕಿಟಕಿ ಇರುವಲ್ಲಿ ಚಪ್ಪಾಳೆಯ ಹಿಂದೆ ಲೋಹದಂತಹ ಕಂಪನ ಬರುತ್ತದೆ; ಹಾಸಿಗೆ, ದಿಂಬು, ಬಟ್ಟೆ ತುಂಬಿದ ಬೀರು ಇರುವ ಮಲಗುವ ಕೋಣೆಯಲ್ಲಿ ಅದು ಥಟ್ಟನೆ ನಿಲ್ಲುತ್ತದೆ. ಹಾಡಲು ಆ ಕೋಣೆಯೇ ಸರಿ. ಕಾರ್ಡಿಯಾಯ್ಡ್ ಮೈಕ್ ತನ್ನ ಬೆನ್ನ ಹಿಂದಿನ ಸದ್ದನ್ನು ಕಡಿಮೆ ಹಿಡಿಯುತ್ತದೆ, ಎದುರಿನದನ್ನು ಪೂರ್ತಿ ಹಿಡಿಯುತ್ತದೆ. ಅದರ ಎದುರಿಗಿರುವುದು ಹಾಡುವವರು ಮತ್ತು ಹಾಡುವವರ ಬೆನ್ನ ಹಿಂದಿನ ಗೋಡೆ. ಆದ್ದರಿಂದ ದಪ್ಪ ಕಂಬಳಿಯನ್ನೋ ರಜಾಯಿಯನ್ನೋ ತೂಗುಹಾಕುವುದಾದರೆ ಮೊದಲು ನಿಮ್ಮ ಬೆನ್ನ ಹಿಂದೆ ಹಾಕಿ. ಮೈಕ್‌ನ ಬೆನ್ನನ್ನು ಕಿಟಕಿಯ ಕಡೆಗೆ ತಿರುಗಿಸಿ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವ ಶ್ರಮ ದಯವಿಟ್ಟು ಬೇಡ. ತೆಳುವಾದ ಆ ರಟ್ಟು ಹೊರಗಿನ ಸದ್ದನ್ನು ತಡೆಯುವುದಿಲ್ಲ, ಒಳಗಿನ ತಗ್ಗಿನ ದನಿಯನ್ನು ಹೀರುವುದೂ ಇಲ್ಲ.

ಹತ್ತಿರದಿಂದ ಹಾಡುವುದಕ್ಕೆ ತನ್ನದೇ ಆದ ತೊಡಕುಗಳಿವೆ. ಬಾಯಿ ಹತ್ತಿರ ಬಂದಷ್ಟೂ ಕೆಳಸ್ತರದ ದನಿ ಉಬ್ಬುತ್ತದೆ. ಮಂದ್ರಸ್ಥಾಯಿಗೆ ಇಳಿಯುವಾಗ ಮೈಕ್‌ನ ಮೇಲೆ ಬಾಗುವುದು ಅನೇಕ ಗಾಯಕರ ಅಭ್ಯಾಸ; ಆಗ ಷಡ್ಜದ ಕೆಳಗಿನ ಸ್ವರಗಳೆಲ್ಲ ಗುಮ್ಮೆಂದು ಒಂದರೊಳಗೊಂದು ಕಲೆಸಿಹೋಗುತ್ತವೆ. ಮಂದ್ರದಲ್ಲಿ ಇದ್ದಲ್ಲೇ ಇದ್ದು, ತಾರಸ್ಥಾಯಿಗೆ ಏರುವಾಗ ತುಸು ಹಿಂದಕ್ಕೆ ಸರಿಯುವುದನ್ನು ರೂಢಿಸಿಕೊಳ್ಳಬೇಕು. ಇನ್ನೊಂದು ತೊಡಕು ಉಸಿರಿನದು. ಅಂಗೈಯನ್ನು ಬಾಯೆದುರು ಹಿಡಿದು "ಪಾದ", "ಭಕ್ತಿ" ಎಂದು ಹೇಳಿ ನೋಡಿ, ಗಾಳಿ ಅಂಗೈಗೆ ಹೊಡೆಯುವುದು ತಿಳಿಯುತ್ತದೆ. ಅದೇ ಅಂಗೈಯನ್ನು ತುಟಿಯಂಚಿನ ಪಕ್ಕಕ್ಕೆ ಸರಿಸಿದರೆ ಗಾಳಿ ತಾಗುವುದೇ ಇಲ್ಲ. ಮೈಕ್ ಇಡಬೇಕಾದದ್ದು ಅಲ್ಲಿ, ಬಾಯಿಯ ಕಡೆಗೆ ಓರೆಯಾಗಿ ತಿರುಗಿಸಿ. ಮಹಾಪ್ರಾಣಗಳನ್ನು ಒತ್ತಿ ಉಚ್ಚರಿಸುವ ಹಾಡುಗಾರಿಕೆಗೆ ಪಾಪ್ ಫಿಲ್ಟರ್ (ಉಸಿರಿನ ಹೊಡೆತ ತಡೆಯಲು ಮೈಕ್ ಮುಂದಿಡುವ ತೆಳು ಪರದೆ) ಕೂಡ ಬೇಕೇ ಬೇಕು.

ಈಗ ಹಣದ ಮಾತು. ಒಟ್ಟು ಬಜೆಟ್‌ನ ಅರ್ಧಕ್ಕಿಂತ ಹೆಚ್ಚನ್ನು ಮೈಕ್ ಒಂದಕ್ಕೇ ಸುರಿಯಬಾರದು. ಅಲುಗದ ಸ್ಟ್ಯಾಂಡ್, ಮೈಕನ್ನು ಇಂಟರ್‌ಫೇಸ್‌ಗೆ ಜೋಡಿಸುವ ಮೂರು ಪಿನ್ನಿನ ಒಳ್ಳೆಯ ಎಕ್ಸ್‌ಎಲ್‌ಆರ್ ಕೇಬಲ್, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಇವುಗಳಿಗೂ ಪಾಲು ಇರಲಿ. ಹೆಡ್‌ಫೋನ್ ಸರಿಯಿಲ್ಲದಿದ್ದರೆ ತಂಬೂರಿಯ ಶ್ರುತಿಯೋ ಕರೋಕೆ ಟ್ರ್ಯಾಕೋ ಸೋರಿ ಮೈಕ್‌ಗೆ ಸೇರುತ್ತದೆ, ಆಮೇಲೆ ಅದನ್ನು ತೆಗೆಯುವುದು ಕಷ್ಟ. ಲ್ಯಾಪ್‌ಟಾಪ್ ಮಾತ್ರ ಇರುವವರಿಗೆ ನಾನು ಹೇಳುವುದು ಸ್ಯಾಮ್ಸನ್ ಕ್ಯೂ2ಯು ಅಥವಾ ಆಡಿಯೋ ಟೆಕ್ನಿಕಾ ಎಟಿಆರ್2100ಎಕ್ಸ್. ಎರಡೂ ಡೈನಾಮಿಕ್, ಎರಡಕ್ಕೂ ಯುಎಸ್‌ಬಿ ಮತ್ತು ಎಕ್ಸ್‌ಎಲ್‌ಆರ್ ಸಂಪರ್ಕಗಳಿವೆ. ಇಂದು ನೇರವಾಗಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಹಾಡಬಹುದು, ಮುಂದೆ ಆಡಿಯೋ ಇಂಟರ್‌ಫೇಸ್ ಕೊಂಡಾಗ ಅದೇ ಮೈಕ್ ಅಲ್ಲಿಗೂ ಒದಗುತ್ತದೆ. ಹೆಡ್‌ಫೋನನ್ನು ಮೈಕ್‌ಗೇ ಸಿಕ್ಕಿಸಬಹುದಾದ್ದರಿಂದ ನಮ್ಮ ದನಿ ತಡವಾಗಿ ಕೇಳುವ ಪೀಡೆಯೂ ಇಲ್ಲ. ಇಂಟರ್‌ಫೇಸ್ ಈಗಾಗಲೇ ಇರುವವರಿಗೆ ಎಸ್‌ಎಂ58 ಸಾಕು. ಅದೂ ದುಬಾರಿಯೆನಿಸಿದರೆ ಬೆಹ್ರಿಂಗರ್ ಎಕ್ಸ್‌ಎಂ8500 ತೆಗೆದುಕೊಳ್ಳಿ.

ಪಾಡ್‌ಕಾಸ್ಟ್‌ಗಳಲ್ಲಿ ಎಲ್ಲರ ಮುಂದೆ ಕಾಣುವ, ಶೂರ್ ಕಂಪನಿಯದೇ ಡೈನಾಮಿಕ್ ಮೈಕ್ ಆದ ಎಸ್‌ಎಂ7ಬಿಗೆ ಮನಸೋಲುವವರು ಒಂದು ವಿಷಯ ತಿಳಿದಿರಬೇಕು: ಅದರ ಸಿಗ್ನಲ್ ಬಹಳ ಕ್ಷೀಣ, ಕನಿಷ್ಠ 60 ಡೆಸಿಬಲ್ ಗೇನ್ ಬೇಡುತ್ತದೆ. ಅಗ್ಗದ ಇಂಟರ್‌ಫೇಸ್‌ನಲ್ಲಿ ಗುಂಡಿಯನ್ನು ತುದಿಯವರೆಗೆ ತಿರುಗಿಸಿದಾಗ ಹಾಡಿನ ಹಿಂದೆ ಸುಯ್ ಎಂಬ ಸದ್ದು ಉಳಿದುಬಿಡುತ್ತದೆ. ಇನ್ನು, ಸ್ಟ್ಯಾಂಡು, ಫೋಮು, ಫಿಲ್ಟರು ಎಲ್ಲ ಸೇರಿಸಿ ಅತಿ ಕಡಿಮೆ ಬೆಲೆಗೆ ಮಾರುವ ಕಂಡೆನ್ಸರ್ ಸೆಟ್‌ಗಳಿಂದ ದೂರವಿರುವುದು ಒಳ್ಳೆಯದು. ಅವುಗಳ ಕೇಬಲ್‌ನ ತುದಿಯಲ್ಲಿ ಕಂಪ್ಯೂಟರಿನ ಸಣ್ಣ ರಂಧ್ರಕ್ಕೆ ಹೋಗುವ ಪಿನ್ ಇದ್ದರೆ, ಆ ರಂಧ್ರದಿಂದ ಬರುವುದು ಕೆಲವೇ ವೋಲ್ಟ್, 48 ಅಲ್ಲ.

ಕಂಡೆನ್ಸರ್ ಯಾರಿಗೂ ಬೇಡ ಎಂದು ನಾನು ಹೇಳುತ್ತಿಲ್ಲ. ದನಿ ಮೃದುವಾಗಿದ್ದು, ಉಸಿರಿನ ಎಳೆಯೂ ಕೇಳಬೇಕೆಂಬ ಭಾವಗೀತೆ ಹಾಡುವವರು ರಾತ್ರಿ ನಿಶ್ಶಬ್ದವಾಗುವ ಮನೆಯಲ್ಲಿದ್ದರೆ, ಎಟಿ2020ಯಾಗಲಿ, ಮೈಕ್ ತಾನಾಗಿ ಹುಟ್ಟಿಸುವ ಸದ್ದು 4 ಡೆಸಿಬಲ್‌ನಷ್ಟು ಮಾತ್ರ ಇರುವ ರೋಡ್ ಎನ್‌ಟಿ1 ಆಗಲಿ ಅವರ ಕಂಠಕ್ಕೆ ನಿಜವಾಗಿ ನ್ಯಾಯ ಒದಗಿಸುತ್ತದೆ. ಆದರೆ ಕರಾವಳಿಯ ಮತ್ತು ಮಲೆನಾಡಿನ ಸ್ನೇಹಿತರು ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ತೇವ ಹಿಡಿದ ಕಂಡೆನ್ಸರ್ ಚಟಪಟ ಎನ್ನತೊಡಗುತ್ತದೆ. ಹಾಡಿದ ಮೇಲೆ ಸ್ಟ್ಯಾಂಡಿನಲ್ಲೇ ಬಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಡೈನಾಮಿಕ್ ಮಾತ್ರ ಕೊಳ್ಳಿ, ಅದರಲ್ಲೂ ಎಸ್‌ಎಂ58ರ ನಕಲಿಗಳು ಬಹಳ ಇರುವುದರಿಂದ ಮೂಲ ಬಿಲ್ ತೋರಿಸುವವರಿಂದಲೇ ಕೊಳ್ಳಿ.